ಸೆಂಗೊಕು ಆಟ: ಈಟಿ ಸಮುರಾಯ್, ಕತ್ತಿ ಸಮುರಾಯ್ ನಡುವೆ ಬ್ಯಾಲೆನ್ಸ್ ಕೂರುತ್ತಿಲ್ಲ

ಚುಕ್ಕಿಚೌಕ ಕೇಳಿದ್ದು:

1560ರಿಂದ 1600ರ ನಡುವಿನ ಜಪಾನ್ (ಒಳಯುದ್ಧಗಳ ಸೆಂಗೊಕು ಕಾಲ) ಇಟ್ಟುಕೊಂಡು ರಿಯಲ್ ಟೈಮ್ ಯುದ್ಧದ ಆಟ ಮಾಡುತ್ತಿದ್ದೇನೆ. ಕಾಲಾಳುಗಳಲ್ಲಿ ಸದ್ಯಕ್ಕೆ ಮೂರೇ ಯೂನಿಟ್.

ಯಾರಿ ಅಶಿಗಾರು (ಈಟಿ ಹಿಡಿದ ಸಾಮಾನ್ಯ ಸೈನಿಕರು): 120 ಜನ, ಅಟ್ಯಾಕ್ 4, ಡಿಫೆನ್ಸ್ 5, ಬೆಲೆ 250
ಯಾರಿ ಸಮುರಾಯ್ (ಈಟಿಯವರು): 80 ಜನ, ಅಟ್ಯಾಕ್ 8, ಡಿಫೆನ್ಸ್ 8, ಕುದುರೆಪಡೆ ಮೇಲೆ ಅಟ್ಯಾಕ್ +20, ಬೆಲೆ 550
ಕಟಾನ ಸಮುರಾಯ್ (ಕತ್ತಿಯವರು): 80 ಜನ, ಅಟ್ಯಾಕ್ 12, ಡಿಫೆನ್ಸ್ 6, ಬೆಲೆ 600

ಒಬ್ಬೊಬ್ಬ ಸೈನಿಕನಿಗೂ 4 ಸೆಕೆಂಡಿಗೆ ಒಂದು ಏಟು. ಏಟು ತಗಲುವ ಸಾಧ್ಯತೆ ಶೇ. 12, ಅದಕ್ಕೆ ಹೊಡೆಯುವವನ ಅಟ್ಯಾಕ್ ಕೂಡಿಸಿ ಎದುರಿನವನ ಡಿಫೆನ್ಸ್ ಕಳೆಯಬೇಕು. ತಗುಲಿದರೆ ಆಳು ಬಿದ್ದ, ಅಷ್ಟೇ. ಯೂನಿಟ್‌ಗಳು ಕೂಡಿಕೊಂಡ ಮೇಲೆ ಶತ್ರು 2.5 ಮೀಟರ್ ಒಳಗೆ ಸಿಕ್ಕ ಎಲ್ಲರೂ ಹೊಡೆಯುತ್ತಾರೆ. ಅಶಿಗಾರು ಶೇ. 30ರಷ್ಟು ಜನ ಬಿದ್ದರೆ ಓಡುತ್ತಾರೆ, ಸಮುರಾಯ್‌ಗಳು ಶೇ. 50ಕ್ಕೆ.

ತೊಂದರೆ ಏನೆಂದರೆ, ಮೊರೇಲ್ (ಎದೆಗುಂದಿ ಓಡುವ ಈ ನಿಯಮ) ಆಫ್ ಮಾಡಿ ಕೊನೆಯವರೆಗೂ ಕಾದಾಡಲು ಬಿಟ್ಟರೆ ಯಾರಿ ಸಮುರಾಯ್ ಎದುರು ಕಟಾನ ಸಮುರಾಯ್ ಪ್ರತಿ ಸಲವೂ 25-30 ಜನ ಉಳಿಸಿಕೊಂಡು ಗೆಲ್ಲುತ್ತಾರೆ. ಹಾಗಾಗಿ ಕುದುರೆಪಡೆ ಇಲ್ಲದ ಕಡೆ ಈಟಿ ಕೊಳ್ಳುವವರೇ ಇಲ್ಲ. ಈಟಿಯ ಅಟ್ಯಾಕನ್ನು 10 ಮಾಡಿದರೆ ಇಬ್ಬರದೂ ಶೇ. 16, ಸಮ ಸಮ. ಆದರೆ ಈಟಿ 50 ಅಗ್ಗ, ಮೇಲೆ ಕುದುರೆ ಬೋನಸ್ ಬೇರೆ. ಆಗ ಕಟಾನ ಕೊಳ್ಳುವವರೇ ಇರುವುದಿಲ್ಲ. ನಡುವೆ ನಿಲ್ಲುವ ಸಂಖ್ಯೆ ಯಾವುದು?

---

ಅಂಕಿಅಟ್ಟ:

ನಡುವೆ ಅಂಥ ಸಂಖ್ಯೆ ಇಲ್ಲ, ಹುಡುಕಬೇಡಿ. ಎಡವಟ್ಟಾಗಿರುವುದು "ಹತ್ತಿರ ಸಿಕ್ಕ ಎಲ್ಲರೂ ಹೊಡೆಯುತ್ತಾರೆ" ಎನ್ನುವ ನಿಯಮದಲ್ಲಿ.

ನಿಮ್ಮದೇ ಲೆಕ್ಕ ನೋಡಿ. ಕಟಾನ ಯಾರಿಯನ್ನು ಹೊಡೆಯುವುದು ಶೇ. 16, ಯಾರಿ ಕಟಾನವನ್ನು ಹೊಡೆಯುವುದು ಶೇ. 14. ಎರಡೇ ಎರಡು ಅಂಕದ ವ್ಯತ್ಯಾಸ. ಎದುರುಬದುರು ಒಬ್ಬರಿಗೊಬ್ಬರು ಮಾತ್ರ ಕಾದಿದರೆ, 80 ಯಾರಿ ಬೀಳುವಷ್ಟರಲ್ಲಿ 70 ಕಟಾನ ಬಿದ್ದು 10 ಜನ ಉಳಿಯಬೇಕು. ನಿಮಗೆ 28ರ ಆಸುಪಾಸು ಉಳಿಯುತ್ತಿರುವುದಕ್ಕೆ ಕಾರಣ, ಗುಂಪು ಕಲಸಿಕೊಂಡು ಇಡೀ ಯೂನಿಟ್ ಒಟ್ಟಿಗೆ ಹೊಡೆಯುತ್ತಿದೆ. ಹಾಗಾದಾಗ ಸಂಖ್ಯೆಯ ವರ್ಗ ಲೆಕ್ಕಕ್ಕೆ ಬರುತ್ತದೆ: 80 × √(2/16) = 28. ಇಂಗ್ಲಿಷ್ ಎಂಜಿನಿಯರ್ ಲ್ಯಾಂಚೆಸ್ಟರ್ 1916ರಲ್ಲಿ ಬರೆದ ಎರಡು ನಿಯಮಗಳೂ ಇವೇ. ಮೊದಲನೆಯದು ಕೈ ಕೈ ಮಿಲಾಯಿಸುವ ಕಾಳಗಕ್ಕೆ, ಎರಡನೆಯದು ಬಂದೂಕಿಗೆ. ಕತ್ತಿ-ಈಟಿಯ ಆಟಕ್ಕೆ ನೀವು ಬಂದೂಕಿನ ನಿಯಮ ಹಾಕಿದ್ದೀರಿ. ಚೂರು ಮೇಲುಗೈ ಇದ್ದವನು ಭರ್ಜರಿ ಗೆಲ್ಲುತ್ತಾನೆ. ಆದ್ದರಿಂದಲೇ ಅಟ್ಯಾಕ್ ಒಂದು ಅಂಕ ಆಚೀಚೆ ಆದರೂ ತಕ್ಕಡಿ ಪೂರ್ತಿ ಒಂದು ಕಡೆಗೆ ವಾಲುತ್ತದೆ.

ಅಟ್ಯಾಕ್, ಡಿಫೆನ್ಸ್ ಈಗಿರುವ ಹಾಗೇ ಇರಲಿ. ಬದಲಿಸಬೇಕಾದದ್ದು ಜಾಗ.

ಈಟಿಯವನಿಗೆ 1 ಮೀಟರ್ ಅಗಲ ಸಾಕು. ಕತ್ತಿ ಬೀಸುವವನಿಗೆ 1.25 ಮೀಟರ್ ಕೊಡಿ. 20 ಮೀಟರ್ ಮುಂಭಾಗದಲ್ಲಿ 20 ಈಟಿ, 16 ಕತ್ತಿ ನಿಲ್ಲುತ್ತವೆ. ಕತ್ತಿಯಲ್ಲಿ ಮುಂದಿನ ಸಾಲು ಮಾತ್ರ ಹೊಡೆಯಲಿ. ಈಟಿಯಲ್ಲಿ ಎರಡನೇ ಸಾಲೂ ಹೊಡೆಯಲಿ, ಆದರೆ ಅರ್ಧ ಸಾಧ್ಯತೆಯಲ್ಲಿ. ಇದರ ಮೇಲೆ ಪ್ರತಿ ಈಟಿ ಯೂನಿಟ್‌ಗೆ, ಅದರ ಸಾಲು ಎಷ್ಟು ಗಟ್ಟಿಯಿದೆ ಅನ್ನುವುದಕ್ಕೆ, "ಬಿಗಿ" ಅಂತ 0-100ರ ಒಂದು ಅಳತೆ ಇಡಿ.

ಬಿಗಿ 60ರ ಮೇಲಿದ್ದಾಗ ಎರಡೂ ಸಾಲು ಹೊಡೆಯುತ್ತವೆ. ಒಂದು ಸುತ್ತಿಗೆ (ಎಲ್ಲರೂ ಒಂದೊಂದು ಏಟು ಹಾಕುವ 4 ಸೆಕೆಂಡಿಗೆ) ಈಟಿ ಕೆಡವುವುದು 20×14% + 20×7% = 4.2 ಜನ, ಕತ್ತಿ ಕೆಡವುವುದು 16×16% = 2.56.
ಬಿಗಿ 30ರಿಂದ 60ರೊಳಗೆ ಇದ್ದಾಗ ಎರಡನೇ ಸಾಲು ಸುಮ್ಮನಿರುತ್ತದೆ. 2.8ಕ್ಕೆ 2.56, ಹೆಚ್ಚುಕಡಿಮೆ ಸಮ.
ಬಿಗಿ 30ಕ್ಕಿಂತ ಕೆಳಗಿಳಿದರೆ ಈಟಿಗೆ ಅಟ್ಯಾಕ್ −4, ಡಿಫೆನ್ಸ್ −4. ಆಗ ಈಟಿ 20×10% = 2.0, ಕತ್ತಿ 16×20% = 3.2.

ಅಂದರೆ ಸಾಲು ಗಟ್ಟಿಯಿದ್ದರೆ ಈಟಿಗೆ 1.6 ಪಟ್ಟು ಮೇಲುಗೈ, ಸಾಲು ಒಡೆದರೆ ಕತ್ತಿಗೆ ಅಷ್ಟೇ ಮೇಲುಗೈ. ಯಾರು ಗೆಲ್ಲುತ್ತಾರೆ ಅನ್ನುವುದು ಕೊಳ್ಳುವಾಗಲೇ ತೀರ್ಮಾನವಾಗುವುದಿಲ್ಲ, ಮೈದಾನದಲ್ಲಿ ಆಗುತ್ತದೆ.

ಬಿಗಿ ಇಳಿಯುವುದು ಹೀಗೆ: ನಡೆದರೆ ಸೆಕೆಂಡಿಗೆ 1, ಆದರೆ 70ಕ್ಕಿಂತ ಕೆಳಗೆ ಹೋಗಬಾರದು. ಓಡಿದರೆ ಸೆಕೆಂಡಿಗೆ 4, ತಳ ಇಲ್ಲ. ಕತ್ತಿಯವರು ಓಡಿಬಂದು ಡಿಕ್ಕಿ ಹೊಡೆದ ಕ್ಷಣಕ್ಕೆ ಒಂದೇ ಬಾರಿ 15. ಬಿದ್ದ ಪ್ರತಿ ಆಳಿಗೆ 0.5. ಪಕ್ಕದಿಂದ ಹೊಡೆತ ಬೀಳುತ್ತಿದ್ದರೆ ಸುತ್ತಿಗೆ 5, ಬೆನ್ನಿನಿಂದಾದರೆ 10. ಕಾಡು, ಹೊಳೆ, ಗದ್ದೆ ಬದುಗಳಲ್ಲಿ 50ರ ಮೇಲೆ ಏರಲೇಬಾರದು. ಕಾಳಗವಿಲ್ಲದೆ ನಿಂತಿದ್ದರೆ ಸೆಕೆಂಡಿಗೆ 2ರಂತೆ ಮತ್ತೆ ತುಂಬಿಕೊಳ್ಳುತ್ತದೆ.

ನಿಂತು ಕಾದ ಈಟಿಗೆ 100 ಇರುತ್ತದೆ. ಡಿಕ್ಕಿಗೆ 85ಕ್ಕೆ ಇಳಿದು, 25 ಜನ ಬಿದ್ದರೂ 72ರಲ್ಲಿ ನಿಲ್ಲುತ್ತದೆ, ಗೆಲ್ಲುತ್ತದೆ. ನಡೆದುಕೊಂಡು ಬರುವಾಗ ಸಿಕ್ಕಿಬಿದ್ದರೆ 70 ಹೋಗಿ 55, ಸಮಬಲ. 15 ಸೆಕೆಂಡು ಓಡಿ ಬಂದಿದ್ದರೆ 40 ಹೋಗಿ 25, ಕತ್ತಿಯವರಿಗೆ ಹಬ್ಬ.

---

ಕೋಟೆಕಂದಕ:

ಅಂಕಿಅಟ್ಟ ಅವರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಕಾಲ 1560-1600 ಅಂದಿದ್ದೀರಲ್ಲ, ಅದಕ್ಕೆ ಎರಡು ಮಾತು.

ಬರೀ ಕತ್ತಿ ಹಿಡಿದ 80 ಜನರ ಕಾಲಾಳು ಯೂನಿಟ್ ಅನ್ನುವುದೇ ಬಹುಮಟ್ಟಿಗೆ ಆಟಗಳು ಹುಟ್ಟಿಸಿದ್ದು. ಸೆಂಗೊಕು ರಣರಂಗದ ಮುಖ್ಯ ಆಯುಧಗಳು ಈಟಿ ಮತ್ತು ಬಿಲ್ಲು. 1543ರಲ್ಲಿ ತನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರ ಬಂದೂಕು ಬಂದ ಮೇಲೆ ಅದೂ ಸೇರಿತು. ಕತ್ತಿ ಎಲ್ಲರ ಸೊಂಟದಲ್ಲೂ ಇತ್ತು, ಎರಡನೇ ಆಯುಧವಾಗಿ. ಮೆಚ್ಚುಗೆ, ಬಹುಮಾನ ಸಿಗುತ್ತಿದ್ದುದೂ ಶತ್ರು ಸಾಲಿಗೆ ಮೊದಲು ಈಟಿ ಹಾಕಿದವನಿಗೆ. 1583ರ ಶಿಜುಗತಾಕೆ ಕಾಳಗದಲ್ಲಿ ಸೇನಾನಿ ಹಿದೆಯೋಶಿಯ ಏಳು ಯುವಕರಿಗೆ ಬಂದ ಹೆಸರು "ಶಿಜುಗತಾಕೆಯ ಏಳು ಈಟಿಗಳು" ಅಂತ. ಟೊಕುಗಾವಾ ಕಡೆಯ ಸೇನಾನಿ ಹೊಂಡಾ ತದಕಾಟ್ಸು ಪ್ರಸಿದ್ಧನಾದದ್ದೂ ತೊಂಬೋಕಿರಿ ಅನ್ನುವ ಈಟಿಯಿಂದಲೇ. ಕತ್ತಿಗೆ ಈಗಿರುವ ಪ್ರಭಾವಳಿ ಹೆಚ್ಚಾಗಿ ಯುದ್ಧಗಳು ನಿಂತ ಮೇಲಿನ ಟೊಕುಗಾವಾ ಕಾಲದ್ದು. ದೊಡ್ಡ ಕತ್ತಿ ಇರಲೇ ಇಲ್ಲ ಅಂತಲ್ಲ. 1570ರ ಅನೆಗಾವಾ ಕಾಳಗದಲ್ಲಿ ಅಸಾಕುರಾ ಮನೆತನದ ಕಡೆಯ ಮಕರಾ ನವೋತಕ ಭಾರಿ ಓದಾಚಿ (ತುಂಬ ಉದ್ದದ ಕತ್ತಿ) ಬೀಸಿದವನೆಂದೇ ಹೆಸರಾದವನು. ಆದರೆ ಅವನ ಹೆಸರು ಉಳಿದಿರುವುದು ಅಂಥವರು ಅಪರೂಪ ಅನ್ನುವುದಕ್ಕೇ.

ಇನ್ನೊಂದು, ನಿಮ್ಮ ಎರಡೂ ಈಟಿ ಯೂನಿಟ್ ಒಂದೇ ಜಾತಿ ಅಲ್ಲ. ಅಶಿಗಾರು ಹಿಡಿದದ್ದು ಉದ್ದ ಈಟಿ, ನಗಾಯೆ ಯಾರಿ. ಒಂದು ಕೆನ್ ಅಂದರೆ ಸುಮಾರು 1.8 ಮೀಟರ್. ಆ ಕಾಲದ ಪ್ರಬಲ ದೊರೆ ಓದಾ ನೊಬುನಾಗನ ಪಡೆಯ ಈಟಿ ಮೂರೂವರೆ ಕೆನ್, ಅಂದರೆ 6.3 ಮೀಟರ್ ಎಂದು ಪ್ರಸಿದ್ಧ. ಅದನ್ನು ಬರೀ ತಿವಿಯುತ್ತಿರಲಿಲ್ಲ, ಸಾಲಾಗಿ ಎತ್ತಿ ಎದುರಿನವರ ತಲೆ, ಭುಜ, ಈಟಿಗಳ ಮೇಲೆ ಅಪ್ಪಳಿಸುತ್ತಿದ್ದರು. ಒಂಟಿಯಾಗಿ ಹಿಡಿದವನ ಕೈಯಲ್ಲಿ ಅದು ಬರೀ ಭಾರ. ಸಮುರಾಯ್‌ನ ಕೈ ಈಟಿ ಅದಕ್ಕಿಂತ ಬಹಳ ಗಿಡ್ಡ, ಒಬ್ಬನೇ ಓಡಾಡಿಕೊಂಡು ಹೊಡೆಯುವಂಥದ್ದು. ಎಲ್ಲರಿಗೂ 2.5 ಮೀಟರ್ ಕೈಯಳತೆ ಕೊಟ್ಟಿದ್ದೇ ನಿಮ್ಮ ಆಟದ ಅತಿ ದೊಡ್ಡ ತಪ್ಪು.

ಅಶಿಗಾರುಗಳನ್ನು 0.9 ಮೀಟರ್‌ಗೆ ಒಬ್ಬರಂತೆ ನಿಲ್ಲಿಸಿ, ಮೂರು ಸಾಲು ಹೊಡೆಯಲಿ, ಎರಡನೆಯದು ಮತ್ತು ಮೂರನೆಯದು ಅರ್ಧ ಸಾಧ್ಯತೆಯಲ್ಲಿ. ಓಡಿದರೆ ಬಿಗಿ ಸೆಕೆಂಡಿಗೆ 6 ಇಳಿಯಲಿ. ಯಾರಿ ಸಮುರಾಯ್‌ಗೆ 4 ಜಾಸ್ತಿಯಾಯಿತು, 2 ಸಾಕು.

ಸಮುರಾಯ್ ವಿಷಯದಲ್ಲಿ ಆ −4ರ ದಂಡ ಬೇಡ. ಸಾಲು ಒಡೆದರೆ ಈಟಿ ಬಿಸಾಕಿ ಸೊಂಟದ ಕತ್ತಿ ಹಿರಿಯಲಿ. ಅಟ್ಯಾಕ್ 9, ಡಿಫೆನ್ಸ್ 5 ಕೊಡಿ, ಅಗಲ 1.25 ಮೀಟರ್.

---

ಅಂಕಿಅಟ್ಟ:

ಉದ್ದ ಈಟಿಯನ್ನು ಬೇರೆ ಮಾಡುವುದು ಒಳ್ಳೆಯದು. ಲೆಕ್ಕ ಹಾಕಿದೆ: 20 ಮೀಟರಿಗೆ 22 ಅಶಿಗಾರು. ಕಟಾನದ ಎದುರು ಅವರದು ಶೇ. 10. ಮೂರು ಸಾಲು ಸೇರಿ ಸುತ್ತಿಗೆ 4.4 ಜನರನ್ನು ಕೆಡವುತ್ತಾರೆ, ಕಟಾನ 16×19% = 3.04. ಅಂದರೆ 250ರ ಯೂನಿಟ್ ನೆಟ್ಟಗೆ ನಿಂತರೆ 600ರ ಯೂನಿಟ್ಟನ್ನು ತಡೆಯುತ್ತದೆ. ಸಾಲು ಒಡೆದರೆ 22×6% = 1.32ಕ್ಕೆ 16×23% = 3.68, ಉಡೀಸ್. ನನಗಿದು ಸರಿಯೆನಿಸುತ್ತದೆ. 2011ರ ಟೋಟಲ್ ವಾರ್ ಶೋಗನ್ 2ರಲ್ಲಿ ಯಾರಿ ಅಶಿಗಾರುಗಳ ಈಟಿ ಗೋಡೆ ಕೆಲಸ ಮಾಡುವುದೂ ಇದೇ ಧಾಟಿಯಲ್ಲಿ. ಎದುರಿಗೆ ನುಗ್ಗಿದ ಸಮುರಾಯ್ ಬಳಲುತ್ತಾನೆ, ಪಕ್ಕಕ್ಕೆ ಸರಿದು ಬಂದವನು ಗೋಡೆ ಕೆಡವುತ್ತಾನೆ.

ಕತ್ತಿ ಹಿರಿಯುವುದು ಮಾತ್ರ ಒಪ್ಪಲಾರೆ. ಆಗ ಒಡೆದ ಯಾರಿ ಸಮುರಾಯ್ 16×15% = 2.4, ಕಟಾನ 16×19% = 3.04. ಮೇಲುಗೈ 1.6ರಿಂದ 1.27ಕ್ಕೆ ಇಳಿಯಿತು. ಸಾಲು ಗಟ್ಟಿಯಿದ್ದರೆ 1.6ರಲ್ಲಿ ಗೆಲ್ಲುವವನು ಒಡೆದರೂ ಅಷ್ಟಾಗಿ ಸೋಲುವುದಿಲ್ಲ ಅಂದರೆ ಕಟಾನಕ್ಕೆ 600 ಕೊಡುವವರು ಯಾರು? ಇತಿಹಾಸಕ್ಕೆ ಸರಿ, ಅಂಗಡಿಗೆ ಸರಿಯಲ್ಲ.

---

ಕೋಟೆಕಂದಕ:

ಹಾಗಾದರೆ ಹಿರಿಯುವುದಕ್ಕೆ ಬೆಲೆ ಕಟ್ಟಿ. ಎರಡು ಸುತ್ತು ಆ ಯೂನಿಟ್ ಹೊಡೆಯುವಂತಿಲ್ಲ, ಆ ಕಾಳಗ ಮುಗಿಯುವವರೆಗೂ ಈಟಿ ವಾಪಸ್ ಸಿಗುವುದಿಲ್ಲ, ಕುದುರೆ ಬೋನಸ್ ಸೊನ್ನೆ. ಎರಡು ಸುತ್ತಿನಲ್ಲಿ ಆರು ಜನ ಪುಕ್ಕಟೆ ಬೀಳುತ್ತಾರೆ. ಕಟಾನವನ್ನು 600ರಿಂದ 520ಕ್ಕೆ ಇಳಿಸಿ. ಈಟಿಗಿಂತ ಕತ್ತಿ ದುಬಾರಿ ಇರಲೇಬೇಕು ಅಂತ ಯಾರೂ ತಾಮ್ರಪಟ ಬರೆದುಕೊಟ್ಟಿಲ್ಲ.

---

ಚುಕ್ಕಿಚೌಕ:

ಜಾಗದ ನಿಯಮ ಹಾಕಿದೆ, ಗುಣ ಕಾಣಿಸಿತು. ಆದರೆ ಕಾಳಗ ಬಹಳ ಬೇಗ ಮುಗಿಯುತ್ತದೆ. ಕಟಾನದವರು ನೇರ ನುಗ್ಗಿದರೆ 40 ಸೆಕೆಂಡಿನೊಳಗೆ ಓಡುತ್ತಾರೆ. ಎರಡನೇ ಯೂನಿಟ್ಟನ್ನು ಸುತ್ತಿಸಿ ಪಕ್ಕಕ್ಕೆ ತರುವಷ್ಟರಲ್ಲಿ ಆಟ ಮುಗಿದಿರುತ್ತದೆ. ಶೇ. 12 ಅನ್ನು ಶೇ. 8 ಮಾಡಲೇ?

---

ಮೂರುಸಾಲು:

ಮಾಡಬೇಡಿ. ಕೂಡಿಸುವ-ಕಳೆಯುವ ಸೂತ್ರದಲ್ಲಿ ಬುಡದ ಸಂಖ್ಯೆ ಇಳಿಸಿದರೆ ಅನುಪಾತವೇ ಕೆಡುತ್ತದೆ. 8 ಇಟ್ಟರೆ ಗಟ್ಟಿ ಸಾಲಿನಲ್ಲಿ 3.0ಕ್ಕೆ 1.92, ಅಂದರೆ ಈಟಿಗೆ 1.56, ಪರವಾಗಿಲ್ಲ. ಒಡೆದ ಸಾಲಿನಲ್ಲಿ 1.2ಕ್ಕೆ 2.56, ಕತ್ತಿಗೆ 2.13 ಪಟ್ಟು ಆಗಿಬಿಡುತ್ತದೆ. ಅದರ ಬದಲು ಸುತ್ತನ್ನು 4 ಸೆಕೆಂಡಿನಿಂದ 6ಕ್ಕೆ ಎಳೆಯಿರಿ. 40 ಜನ ಬೀಳಲು ಒಂಬತ್ತೂವರೆ ಸುತ್ತು ಬೇಕು, ಆಗ 38 ಸೆಕೆಂಡು ಹೋಗಿ 57 ಆಗುತ್ತದೆ. ಅನುಪಾತ ಒಂದೂ ಅಲುಗುವುದಿಲ್ಲ. ಓಡುವ ಕಾಲಾಳು ಸೆಕೆಂಡಿಗೆ 2.5 ಮೀಟರ್ ಅಂದುಕೊಂಡರೆ 100 ಮೀಟರ್ ಸುತ್ತಿ ಬರಲು 40 ಸೆಕೆಂಡು. ಎದುರಿನ ಕಾಳಗ ಅದಕ್ಕಿಂತ 15-20 ಸೆಕೆಂಡಾದರೂ ಹೆಚ್ಚು ಎಳೆಯಬೇಕು, ಇಲ್ಲದಿದ್ದರೆ ಸುತ್ತಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಬಿಗಿ ಇಳಿಯುವ ಲೆಕ್ಕ ಸೆಕೆಂಡಿಗೆ ಬರೆದದ್ದು ಯಾವುದು, ಸುತ್ತಿಗೆ ಬರೆದದ್ದು ಯಾವುದು ನೋಡಿಕೊಂಡು ಬದಲಿಸಿ. ಪಕ್ಕದ ಹೊಡೆತದ 5 ಸುತ್ತಿನ ಲೆಕ್ಕದ್ದು, ಅದು ತಾನಾಗಿಯೇ ನಿಧಾನವಾಗುತ್ತದೆ. ಅದನ್ನು 7 ಮಾಡಬೇಕಾಗಬಹುದು.

ಕಾಗದದ ಲೆಕ್ಕ ಸರಿಯಿದ್ದೂ ಮೈದಾನದಲ್ಲಿ ಕೆಡುವ ಜಾಗಗಳು ಇನ್ನೂ ಇವೆ.

ಜೋಡಿ ಅನಿಮೇಷನ್: ಇಬ್ಬರು ಸೈನಿಕರನ್ನು ಕಟ್ಟಿಹಾಕಿ ಕೊಲ್ಲುವ ದೃಶ್ಯ ಓಡಿಸುತ್ತಿದ್ದರೆ, ಆ ಎರಡು-ಮೂರು ಸೆಕೆಂಡು ಆ ಇಬ್ಬರನ್ನೂ ಬೇರೆ ಯಾರೂ ಮುಟ್ಟಲಾಗದು. ಎರಡನೇ ಸಾಲಿನ ಈಟಿಗೆ ಗುರಿಯೇ ಇರುವುದಿಲ್ಲ. ನಿಮ್ಮ 4.2 ಸದ್ದಿಲ್ಲದೆ 2.8ಕ್ಕೆ ಇಳಿಯುತ್ತದೆ. ಈಟಿ ಯೂನಿಟ್‌ಗಳ ಮೇಲೆ ಜೋಡಿ ಅನಿಮೇಷನ್ ಆಫ್ ಮಾಡಿ, ಸಾಲು ಒಡೆದ ಮೇಲೆ ಮಾತ್ರ ಆನ್ ಆಗಲಿ. ನೋಡಲೂ ಅದೇ ಚೆಂದ.

ಒಳನುಸುಳುವುದು: ಸೈನಿಕರ ಕೊಲಿಷನ್ ವೃತ್ತ (ಒಬ್ಬನ ಸುತ್ತ ಇನ್ನೊಬ್ಬ ನುಗ್ಗಲಾಗದ ಜಾಗ) 0.3 ಮೀಟರ್ ತ್ರಿಜ್ಯಕ್ಕಿಂತ ಚಿಕ್ಕದಿದ್ದರೆ ಕತ್ತಿಯವರು ಎರಡು ಈಟಿಯ ನಡುವಿನ ಸಂದಿಯಲ್ಲಿ ತೂರಿ ಮೂರನೇ ಸಾಲಿಗೆ ಹೋಗಿ ನಿಲ್ಲುತ್ತಾರೆ. ಆಗ ಮುಂಭಾಗ ಅನ್ನುವುದೇ ಇರುವುದಿಲ್ಲ, ಮತ್ತೆ ಹಳೇ ವರ್ಗದ ನಿಯಮ. ಬಿಗಿ 60ರ ಮೇಲಿದ್ದಾಗ ವೃತ್ತವನ್ನು 0.45 ಮಾಡಿ, ಒಡೆದಾಗ 0.3ಕ್ಕೆ ಇಳಿಸಿ.

ಬಾಣ: ಈಟಿಯವರು ಒತ್ತಾಗಿ ನಿಂತಿದ್ದಾರೆ. ಮುಂದೆ-ಹಿಂದೆಯೂ ಅದೇ ಅಂತರವಾದರೆ ಚದರ ಮೀಟರಿಗೆ ಜನ ಕತ್ತಿಯವರಿಗಿಂತ 1.56 ಪಟ್ಟು. ಬಾಣ ನಿಜವಾಗಿ ಹಾರಿ ಬೀಳುವ ಎಂಜಿನ್ ಆದರೆ ಇದು ತಾನಾಗಿ ಬರುತ್ತದೆ. ದಾಳ ಉರುಳಿಸುವ ಲೆಕ್ಕವಾದರೆ ನೀವೇ 1.5ರಿಂದ ಗುಣಿಸಬೇಕು. ಇದನ್ನು ಮರೆತರೆ ಈಟಿ ಗೋಡೆಗೆ ಮದ್ದೇ ಇಲ್ಲದಂತಾಗುತ್ತದೆ, ಆಟಗಾರರು ಮೂಲೆಯಲ್ಲಿ ಗೋಡೆ ಕಟ್ಟಿ ಕೂತುಬಿಡುತ್ತಾರೆ.

ಉದ್ದ ಎಳೆಯುವ ಚಾಲಾಕಿತನ: ಯಾರಿ ಸಮುರಾಯ್‌ನ 80 ಜನರನ್ನು ಎರಡೇ ಸಾಲಿನಲ್ಲಿ 40 ಮೀಟರ್ ಎಳೆದರೆ ಎಲ್ಲರೂ ಹೊಡೆಯುತ್ತಾರೆ. ಮೂರು ಸಾಲಿಗಿಂತ ಕಡಿಮೆ ಆಳವಿದ್ದರೆ ಬಿಗಿ ಎರಡು ಪಟ್ಟು ವೇಗದಲ್ಲಿ ಇಳಿಯಲಿ. ಡಿಕ್ಕಿಯ 15 ಹೋಗಿ 30 ಆದರೆ ಸಾಕು, ಆ ಚಾಳಿ ಬಿಡುತ್ತಾರೆ.

ಕುದುರೆಯ +20 ಈಗ ಅತಿಯಾಯಿತು. ಕುದುರೆಯವನ ಡಿಫೆನ್ಸ್ 6 ಅಂದರೆ ಶೇ. 34, ಎರಡು ಸಾಲು ಸೇರಿ ಸುತ್ತಿಗೆ 10 ಸವಾರರು. 40 ಜನರ ಯೂನಿಟ್ ನಾಲ್ಕು ಸುತ್ತಿಗೆ ಖಲಾಸ್. ಏಜ್ ಆಫ್ ಎಂಪೈರ್ಸ್ 2 ಆಟದಲ್ಲಿ ಪೈಕ್‌ಮನ್‌ನ (ಈಟಿ ಸೈನಿಕನ) ಮೂಲ ಅಟ್ಯಾಕ್ ಬರೀ 4, ಕುದುರೆಯ ಮೇಲೆ ಇನ್ನೂ 22. ಅಲ್ಲಿ ಮುಖ-ಬೆನ್ನು ಇಲ್ಲ, ಸಾಲೂ ಇಲ್ಲ, ಎಲ್ಲ ಕೆಲಸವನ್ನೂ ಆ ಒಂದು ಸಂಖ್ಯೆಯೇ ಹೊರಬೇಕು. ನಿಮ್ಮಲ್ಲಿ ಸಾಲು ಬಂದಿದೆ, ಆದ್ದರಿಂದ +6 ಸಾಕು, ಅದೂ ಮುಂಭಾಗದಲ್ಲಿ, ಬಿಗಿ 60ರ ಮೇಲಿದ್ದಾಗ ಮಾತ್ರ.

---

ಹುಲ್ಲುಕೋಟೆ:

ನಿಯಮ ಎಲ್ಲಾ ಸರಿ ಗುರು, ಆಡುವವನಿಗೆ ಕಾಣಬೇಕಲ್ಲ? ಒಳಗೆ ಎಷ್ಟೇ ಚೆನ್ನಾಗಿ ಬಿಗಿ ಏರಿಳಿದರೂ, ಹೊರಗಿನವನಿಗೆ "ನೆನ್ನೆ ಗೆದ್ದ ಯೂನಿಟ್ ಇವತ್ತು ಯಾಕೆ ಸೋತಿತು" ಅನ್ನೋದು ತಿಳಿಯದಿದ್ದರೆ ಅವನ ಪಾಲಿಗೆ ಅದು ಬಗ್.

ಮೂರು ಹಂತ ಇದೆಯಲ್ಲ, ಮೂರೂ ಈಟಿಯಲ್ಲೇ ಕಾಣಿಸಲಿ. 60ರ ಮೇಲೆ ಈಟಿಗಳೆಲ್ಲ ಮುಂದಕ್ಕೆ ಬಾಗಿ ಒಂದೇ ಎತ್ತರದಲ್ಲಿ. 30-60ರಲ್ಲಿ ಎರಡನೇ ಸಾಲಿನ ಈಟಿ ಮೇಲಕ್ಕೆ ನೆಟ್ಟಗೆ. ಅದಕ್ಕೂ ಕೆಳಗೆ ದಿಕ್ಕಿಗೊಂದು. ಮೇಲಿನಿಂದ ನೋಡಿದರೂ ಗೊತ್ತಾಗುತ್ತದೆ, ಇನ್ನೊಂದು ಬಾರ್ ತುರುಕುವ ಅಗತ್ಯವಿಲ್ಲ. ಯೂನಿಟ್‌ನ ಬಾವುಟದ ಬಣ್ಣ ಬದಲಿಸುವ ಐಡಿಯಾ ಬೇಡ, ಅದು ಮೊರೇಲ್‌ಗೆ ಬೇಕಾಗುತ್ತದೆ.

ನಗಿನಾಟ (ಉದ್ದ ಕೋಲಿನ ತುದಿಗೆ ಬಾಗಿದ ಅಲಗು), ನೊದಾಚಿ (ಉದ್ದ ಕತ್ತಿ) ಯೂನಿಟ್‌ಗಳನ್ನು ಈಗಲೇ ಸೇರಿಸಬೇಡಿ. ಮೊದಲು ಈಟಿ, ಕಟಾನ ನೆಲೆ ನಿಲ್ಲಲಿ.

---

ಚುಕ್ಕಿಚೌಕ:

ಕತ್ತಿ ಹಿರಿಯುವುದನ್ನು ಎರಡು ಸುತ್ತಿನ ದಂಡದ ಜೊತೆ ಹಾಕುತ್ತೇನೆ. ಕಂಪ್ಯೂಟರ್ ಆಡುವ ಕಡೆಯವರು ಮಾತ್ರ ಅಶಿಗಾರುಗಳನ್ನು ಓಡಿಸಿಕೊಂಡು ಬಂದು ಬಿಗಿ 20ಕ್ಕೆ ತಂದು ಡಿಕ್ಕಿ ಹೊಡೆಯುತ್ತಾರೆ. ಟೆಸ್ಟ್ ಹೇಗೆ ಮಾಡುವುದು?

---

ಮೂರುಸಾಲು:

ಎಐಗೆ (ಕಂಪ್ಯೂಟರ್ ಆಡುವ ಕಡೆಗೆ) ಒಂದೇ ನಿಯಮ ಸಾಕು: ಶತ್ರು ಕಾಲಾಳು 60 ಮೀಟರ್ ಒಳಗೆ ಬಂದರೆ ಈಟಿ ಯೂನಿಟ್ ಓಡಬಾರದು, 25 ಮೀಟರ್ ಒಳಗೆ ಬಂದರೆ ನಿಲ್ಲಬೇಕು. ನಿಂತ ಗೋಡೆಯ ಮೇಲೆ ಬಾಣ ಬೀಳುತ್ತಿದ್ದು, 20 ಸೆಕೆಂಡಾದರೂ ಯಾರೂ ಡಿಕ್ಕಿ ಹೊಡೆಯದಿದ್ದರೆ ನಡೆದು ಮುಂದೆ ಹೋಗಲಿ. ಈ ಕೊನೆಯದಿಲ್ಲದಿದ್ದರೆ ಬಿಲ್ಲುಗಾರರ ಎದುರು ನಿಂತಲ್ಲೇ ಸಾಯುತ್ತಾರೆ. ಕತ್ತಿ ಯೂನಿಟ್‌ನ ಗುರಿ ಆರಿಸುವ ಅಂಕದಲ್ಲಿ ಎದುರಿನ ಯೂನಿಟ್‌ನ ಬಿಗಿಯನ್ನು ಸೇರಿಸಿ, 60ರ ಮೇಲಿದ್ದರೆ ಅರ್ಧ ಅಂಕ ಕಳೆಯಿರಿ.

ಟೆಸ್ಟ್‌ಗೆ ಒಂದಕ್ಕೊಂದು ಯೂನಿಟ್ ಬಿಡುವುದು ಮೊದಲ ದಿನಕ್ಕೆ ಮಾತ್ರ. ಸಮ ಬೆಲೆಯಲ್ಲಿ ನೋಡಬೇಕು. ಹಳೆಯ ಬೆಲೆಯಲ್ಲಿ 12 ಯಾರಿ ಸಮುರಾಯ್ ಎದುರು 11 ಕಟಾನ, ಎರಡೂ 6600. ಬೆಲೆ 520 ಮಾಡಿದರೆ 6600ರಲ್ಲಿ 12 ಕಟಾನ ಬಂದು 360 ಮಿಗುತ್ತದೆ, ಹಾಗಾಗಿ 12ಕ್ಕೆ 12 ಇಡಿ. ಬಯಲು, ಕಾಡು, ಕೋಟೆ ಬಾಗಿಲು, ಈ ಮೂರು ನಕ್ಷೆ ಸಾಕು. ಪ್ರತಿ ಜೋಡಿಗೆ 20 ಸಲ ಓಡಿಸಿ, ಹತ್ತು ಸಲ ಆದ ಮೇಲೆ ಪಕ್ಷ ಅದಲು ಬದಲು ಮಾಡಿ. ಎಡಬದಿ ಮೊದಲು ಏಟು ಹಾಕುವ ಕೋಡ್ ದೋಷ ಇದ್ದರೆ ಅಲ್ಲೇ ಹೊರಬೀಳುತ್ತದೆ. ಗೆಲುವು ಎಣಿಸಬೇಡಿ, ಗೆದ್ದವನ ಬಳಿ ಕೊನೆಗೆ ಎಷ್ಟು ಬೆಲೆಯ ಸೈನ್ಯ ಉಳಿಯಿತು ಅನ್ನುವುದನ್ನು ಬರೆದಿಡಿ. ಬಯಲಿನಲ್ಲಿ ಈಟಿ ಶೇ. 30-40 ಉಳಿಸಿಕೊಂಡು ಗೆಲ್ಲಬೇಕು, ಕಾಡಿನಲ್ಲಿ ಮತ್ತು ಬಾಗಿಲಿನಲ್ಲಿ ಕತ್ತಿ ಅಷ್ಟೇ. ಎಲ್ಲಿಯಾದರೂ 60 ದಾಟಿದರೆ ಮೊದಲು ಡಿಕ್ಕಿಯ 15 ಅನ್ನು ಮುಟ್ಟಿ, 12 ಅಥವಾ 18 ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬೆಲೆ. ಅಟ್ಯಾಕ್, ಡಿಫೆನ್ಸ್ ಕಾಲಂಗಳನ್ನು ಲಾಕ್ ಮಾಡಿಡಿ.